ಯಾವುದರಿಂದ ಬಿಟ್ಟರು ನಿಮ್ಮ ಕಾಕಾ?

ಜಹೀರಾಬಾದಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಒಂದು ವಾಸನೆ ಬಂತು. ಇಂಗು ಹಳಸಿದರೆ ಹೀಗಿರಬಹುದೇನೋ ಎನ್ನುವಂಥ ವಾಸನೆ. ಮೊದಲು ನನ್ನ ಪಲ್ಯವನ್ನೇ ಅನುಮಾನಿಸಿದೆ. ನನ್ನ ಅಡುಗೆ ಉಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ವಾಸನೆ ಪಕ್ಕದಲ್ಲಿ ಕೂತ ಶಶಿಕಲಾ ಟೀಚರ್ ಅವರ ಬ್ಯಾಗಿನದು. ಅವರು ಯಾಲಾಲ್ ಕಡೆಯವರು, ಮನೆಮಾತು ನಮ್ಮಂತೆ ಕನ್ನಡವೇ. ಅತ್ತಿತ್ತ ನೋಡಿ, ಬ್ಯಾಗಿನಿಂದ ಒಂದು ಪುಡಿಯ ಪೊಟ್ಟಣವನ್ನು ಅರ್ಧ ಹೊರಗೆ ತೆಗೆದು, "ನಮ್ಮ ಮನೆಯವ್ರಿಗಿ ಹಾಕಬೇಕಂತ ತಂದೀನ್ರಿ. ನಿಮ್ ಕಾಕಾ ಇದರಿಂದೇ ಕುಡಿಯೋದು ಬಿಟ್ರಂತಲ್ರಿ?" ಎಂದು ಪಿಸುಗುಟ್ಟಿದರು.

ಈ ಪ್ರಶ್ನೆ ಕೇಳಿದರೆ ನನಗೆ ಎಷ್ಟು ರೇಗುತ್ತದೆ ಎಂದು ನಿಮಗೆ ಹೇಗೆ ಹೇಳಲಿ! ನಾರಾಯಣಖೇಡದಿಂದ ತಾಂಡೂರಿನವರೆಗೆ ಹರಡಿರುವ ನಮ್ಮ ಬಳಗದಲ್ಲಿ ಮಾಳಪ್ಪ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಈಗ ಮನುಷ್ಯರಾಗಿ ಉಳಿದಿಲ್ಲ, ಜಾಹೀರಾತಾಗಿದ್ದಾರೆ. ಯಾರ ಮನೆಯಲ್ಲಿ ಯಾರು ಕುಡಿದು ಬಿದ್ದರೂ ಫೋನು ನನಗೇ. ನಾನು ವಿಜ್ಞಾನದ ಟೀಚರ್, ಆದ್ದರಿಂದ ಯಾವ ಮದ್ದು ಕೆಲಸ ಮಾಡಿತೆಂದು ನನಗೆ ಗೊತ್ತಿರಲೇಬೇಕು. ಗೊತ್ತಿಲ್ಲ ಎಂದರೆ ಬಿಂಕ ಎಂದುಕೊಳ್ಳುತ್ತಾರೆ.

ಕಾಕಾ ನಾಗಲಗಿದ್ದದ ಕಡೆ ಕುರಿ ಸಾಕಿಕೊಂಡು ಇರುವವರು. ಕುಡಿದರೂ ಯಾರನ್ನೂ ಬೈದವರಲ್ಲ, ಹೊಡೆದವರಲ್ಲ. ಬೇವಿನ ಮರದ ಕೆಳಗೆ ಮಲಗಿಬಿಡುತ್ತಿದ್ದರು. ಕುರಿಗಳು ಪಕ್ಕದವರ ತೊಗರಿಗೆ ನುಗ್ಗುತ್ತಿದ್ದವು. ಬೈಗುಳ ತಿನ್ನುವ ಕೆಲಸ ನೀಲಮ್ಮ ಕಾಕಿಯ ಪಾಲಿಗೆ. ವರ್ಷಗಟ್ಟಲೆ ಹೀಗೇ ನಡೆದು, ಕೊನೆಗೊಮ್ಮೆ ಹೊಟ್ಟೆ ಊದಿ ಕಣ್ಣು ಹಳದಿಯಾದಾಗ ಡಾಕ್ಟರು ಕಾಕಿಯನ್ನು ಹೊರಗೆ ಕರೆದು, ಇನ್ನು ಕುಡಿದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಹೇಳಿದರು. ಕಾಕಿ ನಮಗೆಲ್ಲ ಹೇಳಿ ಅತ್ತಳು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಮಂದಿಯ ವೈದ್ಯ.

ನಾನು ತರಗತಿಯಲ್ಲಿ ಮಕ್ಕಳಿಂದ ಎರಡು ಕುಂಡಗಳಲ್ಲಿ ಹೆಸರುಕಾಳು ಬಿತ್ತಿಸುತ್ತೇನೆ. ಒಂದಕ್ಕೆ ಗೊಬ್ಬರ ಹಾಕಿ, ಇನ್ನೊಂದನ್ನು ಹಾಗೇ ಬಿಡಿ, ಒಂದು ಸಲಕ್ಕೆ ಒಂದೇ ಬದಲಾವಣೆ, ಆಗಲೇ ಯಾವುದರಿಂದ ಏನಾಯಿತೆಂದು ಗೊತ್ತಾಗುವುದು ಎಂದು ಗಂಟಲು ಹರಿದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಇದ್ದದ್ದು ಒಬ್ಬರೇ ಕಾಕಾ, ಗೊಬ್ಬರ ಹಾಕುವವರು ಮಾತ್ರ ನಾಲ್ಕು ಜನ. ಕಾಕಿಯ ಅಣ್ಣ ಬಸಣ್ಣ ಮಾಮಾ ತಾಂಡೂರಿನ ಕಡೆ ಒಂದು ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದವರು, ಎಲ್ಲದರಲ್ಲೂ ತಾವೇ ಮುಂದೆ ನಿಲ್ಲುವವರು. ಕಾಕಾನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಕುಡಿತ ಬಿಡಿಸುವ ಸೆಂಟರಿಗೆ ಸೇರಿಸಿದರು. ಅಲ್ಲಿಂದ ಬಂದ ಮರುದಿನವೇ ಅಪ್ಪ ಪಂಢರಪುರದ ಭಕ್ತರ ಬಳಿ ಕರೆದೊಯ್ದು ತಮ್ಮನ ಕೊರಳಿಗೆ ಕುಡಿತ ಮುಟ್ಟದ ವ್ರತದ ತುಳಸಿ ಮಾಲೆ ಹಾಕಿಸಿದರು. ಅದೇ ವಾರ ಕಾಕಿ ನಾರಾಯಣಖೇಡದ ಸಂತೆಯಿಂದ ಪುಡಿ ತಂದು, ಗಂಡನಿಗೆ ತಿಳಿಯದಂತೆ ಬೇಳೆಯಲ್ಲಿ ಕದಡತೊಡಗಿದಳು. ನಾನೇನು ಕಡಿಮೆಯೇ? ರಜೆಯಲ್ಲಿ ಹೋಗಿ, ಶಾಲೆಯ ಚಾರ್ಟನ್ನು ಗೋಡೆಗೆ ತೂಗುಹಾಕಿ, ಯಕೃತ್ತಿನ ಮೇಲೆ ಪಾಠ ಮಾಡಿದೆ. ಕಾಕಾ ಶ್ರದ್ಧೆಯಿಂದ ಕೇಳಿ, "ಕುರಿ ಕಲೇಜಿ ಇದಕ್ಕಿಂತ ಛಂದ ಇರ್ತದ ನೋಡವ್ವಾ" ಎಂದರು.

ಇಷ್ಟೆಲ್ಲದರ ಫಲವನ್ನು ನಾವು ಅಳೆದ ಬಗೆಯನ್ನಂತೂ ಕೇಳಲೇಬೇಡಿ. ಸೆಂಟರಿನವರು ಫೋನ್ ಮಾಡಿ ವಿಚಾರಿಸಿದಾಗ ಮಾಮಾ, "ಪೂರಾ ಬಿಟ್ಟಾರ್ರಿ!" ಎಂದುಬಿಟ್ಟರು. ಅವರೂ ಸಂತೋಷದಿಂದ ಹಾಗೇ ಬರೆದುಕೊಂಡಿರಬೇಕು. ಆ ದಿನಗಳಲ್ಲಿ ಕಾಕಾ ಈಚಲ ಮರಗಳ ನಡುವೆ ಕೂತು ಶಿಂದಿ, ಅಂದರೆ ಹೆಂಡ, ಕುಡಿಯುತ್ತಿದ್ದರು. ನಾನು ಅದನ್ನು ಎತ್ತಿದರೆ ಮಾಮಾನಿಗೆ ಕೆಂಡದಂಥ ಸಿಟ್ಟು. "ಶಿಂದಿ ಕುಡಿಯೋದು ಏನ್ ಕುಡಿಯೋದಾ? ಗಿಡದ ನೀರದು. ಶೆರೆ ಬಿಟ್ಟಾನೋ ಇಲ್ಲೋ, ಅಷ್ಟು ಹೇಳು." ಅಪ್ಪನೂ ಹೌದೆಂದು ತಲೆಯಾಡಿಸಿದರು. ನಮ್ಮ ಸೀಮೆಯಲ್ಲಿ ಶಿಂದಿಯನ್ನು ಕುಡಿತದ ಲೆಕ್ಕಕ್ಕೆ ಹಿಡಿಯುವವರು ಡಾಕ್ಟರುಗಳು ಮತ್ತು ವಿಜ್ಞಾನದ ಟೀಚರುಗಳು ಮಾತ್ರ. ಇಬ್ಬರ ಮಾತನ್ನೂ ಯಾರೂ ಕೇಳುವುದಿಲ್ಲ.

ಆಮೇಲೆ, ಯಾವಾಗ ಎಂದು ಯಾರೂ ಗಮನಿಸಲಿಲ್ಲ, ಕಾಕಾ ಶಿಂದಿಯನ್ನೂ ನಿಲ್ಲಿಸಿದರು. ಕಣ್ಣಿನ ಹಳದಿ ಹೋಯಿತು, ಹೊಟ್ಟೆ ಇಳಿಯಿತು. ನಮಗೆ ಸಂತೋಷವಾಯಿತು, ಇಲ್ಲವೆನ್ನಲಾರೆ. ಆದರೆ ಅದು ಹೆಚ್ಚು ದಿನ ಬಾಳಲಿಲ್ಲ. ಬಿಡಿಸಿದ್ದು ಯಾರು ಎಂಬ ಜಗಳ ಹತ್ತಿಕೊಂಡಿತು. ಮಾಮಾ ಊರೂರಿಗೆ ಸೆಂಟರಿನ ಹೆಸರು ಹೇಳಿದರು. ಅಪ್ಪ ಮಾಲೆಯ ಮಹಿಮೆ ಹೇಳಿದರು. ಕಾಕಿ ಮಾತ್ರ ಹೆಂಗಸರ ನಡುವೆ ಮೆಲ್ಲಗೆ, "ಎಲ್ಲಾರೂ ಏನರೆ ಅನ್ಲಿ, ನಾ ಹಾಕಿದ ಬ್ಯಾಳಿ ಉಂಡು ಬಿಟ್ಟಾರ" ಎನ್ನುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ನಾನೂ ಚಾರ್ಟಿನ ವಿಷಯವನ್ನು ಒಂದೆರಡು ಸಲ ಎತ್ತಿದ್ದುಂಟು.

ಹೋದ ಬೇಸಿಗೆಯಲ್ಲಿ ತಾಂಡೂರಿನಲ್ಲಿ ಮಾಮಾನ ಮೊಮ್ಮಗಳ ತೊಟ್ಟಿಲ ಕಾರ್ಯ. ಊಟವಾದ ಮೇಲೆ ಗಂಡಸರು ಮಾಳಿಗೆಯ ಮೇಲೆ ಬಾಟಲಿ ಬಿಚ್ಚಿ ಕೂತರು. ಕುಡಿತ ಬಿಡಿಸಿದ ಹೆಮ್ಮೆಯಲ್ಲಿ ಮಾಮಾ ಕೂಡ ಒಂದಿಷ್ಟು ಏರಿಸಿದ್ದರು. ನಾನು ಮಜ್ಜಿಗೆ ಹಿಡಿದು ಮೇಲೆ ಹೋದಾಗ ಅಪ್ಪನಿಗೂ ಮಾಮಾನಿಗೂ ಅದೇ ಹಳೆಯ ವಾದ. ಕಾಕಾ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು. ಮಾಮಾ ಇದ್ದಕ್ಕಿದ್ದಂತೆ ಎದ್ದುನಿಂತು, "ಹಂಗಾರ ಅಣ್ಣಾ, ಮಾಲಿ ತಗದು ಬಾಜೂಕ ಇಡ್ಲಿ. ಮುಂದ ಗ್ಲಾಸ್ ಇಡಮು. ಮುಟ್ಟಲಿಲ್ಲ ಅಂದ್ರ ಸೆಂಟರಿನ ಕೆಲಸ. ಮುಟ್ಟಿದ್ರ ನಿಮ್ ಮಾಲಿ ಕೆಲಸ. ಆತಿಲ್ಲೋ?" ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ: ಒಂದು ಕ್ಷಣ ನನಗೂ ಪರೀಕ್ಷೆ ಮಾಡುವ ಕ್ರಮ ಇದೇ ಸರಿ ಅನ್ನಿಸಿಬಿಟ್ಟಿತು.

ಅಷ್ಟರಲ್ಲಿ ಯಾರೋ ತುಂಬಿದ ಗ್ಲಾಸನ್ನು ಕಾಕಾನ ಮುಂದೆ ಇಟ್ಟೇಬಿಟ್ಟರು. ಕುಡಿದರೆ ಸಾಯುವ ಮನುಷ್ಯನ ಮುಂದೆ! ಅಪ್ಪ ಬೇಡ ಎನ್ನಲಿಲ್ಲ. ಎಲ್ಲರೂ ಮುಂದಕ್ಕೆ ಬಾಗಿ ಕಾಕಾನ ಕೈಯನ್ನೇ ನೋಡುತ್ತಿದ್ದರು. ಕಾಕಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದುಮಿಕೊಂಡಿದ್ದರು. ಆಗ ಏರಿದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮಜ್ಜಿಗೆಯ ತಂಬಿಗೆಯನ್ನು ಕುಕ್ಕಿ, "ನಿಮಗ ಅಕಲ್ ಅದ ಏನ್ರಿ? ಮನುಷ್ಯಾರು ಅದಾರ ಅವ್ರು, ಹೆಸರುಕಾಳಲ್ಲ!" ಎಂದು ಕೂಗಿದೆ. ಹೆಸರುಕಾಳಿನ ಮಾತು ಯಾರಿಗೂ ತಿಳಿಯಲಿಲ್ಲ. ಕಾಕಾ ಎದ್ದು ಮೆಟ್ಟಿಲಿಳಿದು ಹೊರಟುಹೋದರು. ಹಿಂದಿನಿಂದ ಮಾಮಾ, "ನೋಡಿದ್ರ್ಯಾ, ಮುಟ್ಟಲಿಲ್ಲ!" ಎಂದು ಚಪ್ಪಾಳೆ ತಟ್ಟಿದರು.

ಓಣಿಯಲ್ಲಿ ಯಾರೋ ಮನೆ ಕಟ್ಟಿಸಲು ತರಿಸಿ ಒಟ್ಟಿದ್ದ ಬಂಡೆಗಳ ಮೇಲೆ ಕಾಕಾ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಏನು ಕೇಳಿದೆ ಗೊತ್ತೇ? "ಕಾಕಾ, ಖರೇ ಹೇಳ್ರಿ, ನೀವು ಯಾವುದರಿಂದ ಬಿಟ್ರಿ?"

ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. "ಬಿಟ್ಟೀನಿ ಅಂತ ನಾ ಯಾವಾಗ ಅಂದೀನಿ? ನೀವೇ ಅಂತೀರಿ, ನೀವೇ ಜಗಳಾ ಆಡ್ತೀರಿ. ಕುರಿ ಹಟ್ಟಿಗಿ ಹೊಡದ್ ಮ್ಯಾಲ ಸಂಜಿ ಆಗ್ತದಲ್ಲ, ಅದು ದಿನಾ ಆಗ್ತದ. ದಿನಾ ನಾ ಒಬ್ಬನೇ ಅದರ ಕೂಡ ಕುಸ್ತಿ ಆಡ್ತೀನಿ. ಕುಡಿಯಾಗ ಮಂದಿಗಿ ಮಂದಿ ಬರ್ತಿದ್ರಿ. ಈಗ ಯಾರ್ ಬರ್ತೀರಿ? ಅರಾಮ್ ಆಗ್ಯಾನ ಅಂತ ಕೈ ಬಿಟ್ಟೇಬಿಟ್ರಿ."

ಊರಿಗೆ ಬಂದ ಮೇಲೆ ಆಗೀಗ ಫೋನು ಮಾಡಿದೆ, ನಿಜ. ಮಾಡಿದಾಗಲೆಲ್ಲ ಕೇಳಿದ್ದು, "ಕುಡದಿಲ್ಲ ಹೌದಲ್ರಿ?" ಎಂದೇ. ಆ ಸೆಂಟರಿನವರೂ ಅದನ್ನೇ ಕೇಳಿದ್ದರು.

ಮೊನ್ನೆ ಶಶಿಕಲಾ ಟೀಚರಿಗೆ ನಾನು, "ಮುಚ್ಚಿಟ್ಟು ಏನೂ ಹಾಕಬ್ಯಾಡ್ರಿ. ಡಾಕ್ಟರ್ ಹಂತ್ಯಾಕ ಕರ್ಕೊಂಡು ಹೋಗ್ರಿ. ಅವ್ರಿಗಿ ಕುಡಿಬೇಕು ಅನ್ನಸೋದು ಯಾವ ಹೊತ್ತಿಗಿ, ಅದು ಗೊತ್ತದ ಏನ್ರಿ ನಿಮಗ?" ಎಂದು ಕೇಳಿದೆ. ಅವರು ನನ್ನನ್ನು ಒಂದು ನಮೂನೆ ನೋಡಿದರು. ಗುಟ್ಟು ಬಿಟ್ಟುಕೊಡುತ್ತಿಲ್ಲ ಇವಳು ಎಂದುಕೊಂಡಿರಬೇಕು. ಪೊಟ್ಟಣ ಒಳಗಿಟ್ಟು ಜಿಪ್ ಎಳೆದರು. ನನಗೆ ಮತ್ತೆ ರೇಗಿತು, ಆದರೆ ಈ ಸಲ ಅವರ ಮೇಲಲ್ಲ, ನನ್ನ ಮೇಲೆ.

ಅವತ್ತು ಸಂಜೆ, ಕುರಿಗಳು ಹಟ್ಟಿ ಸೇರುವ ಹೊತ್ತು ನೋಡಿ ಕಾಕಾನಿಗೆ ಫೋನು ಹಚ್ಚಿದೆ. ಹಿಂದೆ ಮರಿಗಳು ಅರಚುತ್ತಿದ್ದವು.

"ಕುಡದಿಲ್ಲವ್ವಾ, ಕುಡದಿಲ್ಲ," ಎಂದರು ನಾನು ಬಾಯಿ ತೆರೆಯುವ ಮೊದಲೇ.

"ಅದು ಕೇಳಂಗಿಲ್ರಿ ಕಾಕಾ. ಇವತ್ತಿನ ಸಂಜಿ ಹೆಂಗದ?"

ಹಟ್ಟಿಯ ಬಾಗಿಲು ಎಳೆದ ಸದ್ದು ಕೇಳಿತು, ಮರಿಗಳ ಅರಚಾಟ ದೂರವಾಯಿತು.

"ಭಾಳ ಕಠಿಣ ಅದ ಯವ್ವಾ," ಎಂದರು. "ಫೋನ್ ಇಡಬ್ಯಾಡ."