ಕೋರೆಹಲ್ಲಿನ ಹಿರಿಯರು

ನಾನೊಬ್ಬ ಅಭಿಮಾನಿ. ಈ ನಾಲ್ಕಕ್ಷರದ ಮಾತನ್ನು ಇಷ್ಟು ಸಲೀಸಾಗಿ ಬರೆಯುವ ಧೈರ್ಯ ಬರುವುದಕ್ಕೆ ಕೆಲವು ವರ್ಷಗಳೇ ಬೇಕಾದವು. ಐವತ್ತು ದಾಟಿದ, ಕೇಂದ್ರ ಸರ್ಕಾರದ ಸಂಬಳ ಉಣ್ಣುವ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ ಹೆಂಗಸೊಬ್ಬಳು ಸಿನಿಮಾ ನಟನ ಅಭಿಮಾನಿ ಅಂದರೆ ಜನ ಕ್ಷಮಿಸುತ್ತಾರೆ. ಹರಯದಲ್ಲಿ ಹತ್ತಿದ್ದು ಇನ್ನೂ ಇಳಿದಿಲ್ಲ, ಪಾಪ, ಅಂದುಕೊಳ್ಳುತ್ತಾರೆ. ನಾನು ರಾಕ್ಷಸರ ಭಾವಚಿತ್ರ ಬರೆಯುವ ಚಿತ್ರಗಾರರೊಬ್ಬರ ಅಭಿಮಾನಿ. ಇದಕ್ಕೆ ಕ್ಷಮೆ ಇಲ್ಲ. ನಾನು ಕೇಳುವುದೂ ಇಲ್ಲ.

ನಮ್ಮದು ಮೈಸೂರು ಕಡೆ. ಗಂಡ ರಾಕೆಟ್ಟಿನವರು, ನಾನು ಗೆಣಸಿನವಳು. ಅಂದರೆ ಅವರಿಗೆ ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ, ನನಗೆ ಅದೇ ಊರಿನ ಶ್ರೀಕಾರ್ಯಂನಲ್ಲಿ ಮರಗೆಣಸಿನ ರೋಗಗಳನ್ನು ಹುಡುಕುವ ಕೆಲಸ. ಅವರ ಕಣ್ಣು ಸದಾ ಮೇಲೆ, ನನ್ನದು ನೆಲದ ಕೆಳಗೆ. ಊಟದ ಮೇಜಿನಲ್ಲಿ ಮಾತ್ರ ಸಂಧಿಸುತ್ತೇವೆ. ಮಗಳು ಇಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥ ಮಾಡಿಕೊಂಡು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ನನ್ನ ಹೊಸ ಹುಚ್ಚಿನ ಬಗ್ಗೆ ಅವಳದು ಒಂದೇ ಪದ: "ನಾಣಕ್ಕೇಡ್." ಇದಕ್ಕೆ ಅನುವಾದ ಬೇಕಿಲ್ಲ, ನಾಚಿಕೆಗೇಡು ಎರಡೂ ಭಾಷೆಯಲ್ಲಿ ಒಂದೇ ಥರ ಕೇಳಿಸುತ್ತದೆ.

ಅಭಿಮಾನ ಮಾತ್ರ ಹಾಗಲ್ಲ. ಮಲಯಾಳದಲ್ಲಿ ನಟನ ಹಿಂದೆ ಹೋಗುವವನು ಆರಾಧಕ. ಅಭಿಮಾನ ಎಂದರೆ ಮಾನ, ಮರ್ಯಾದೆ, ತಲೆಯೆತ್ತಿ ನಡೆಯುವುದು. ಕನ್ನಡದಲ್ಲಿ ನಾವು ಪ್ರೀತಿಯನ್ನೂ ಮರ್ಯಾದೆಯನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಿಬಿಟ್ಟಿದ್ದೇವೆ. "ನಾನು ಅಭಿಮಾನಿ" ಎಂದು ಆಫೀಸಿನಲ್ಲಿ ಹೇಳಿದಾಗ ಸಹೋದ್ಯೋಗಿಗಳು ಗಂಭೀರವಾಗಿ ತಲೆಯಾಡಿಸಿದರು. ಈಕೆಯ ತಂಟೆಗೆ ಹೋಗಬಾರದು ಎಂದು ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ. ನಾನೂ ತಿದ್ದಲಿಲ್ಲ.

ಶುರುವಾದದ್ದು ವೈಟ್ಟಿಲದಲ್ಲಿ. ಯಾವುದೋ ಮೀಟಿಂಗಿಗೆ ಕೊಚ್ಚಿಗೆ ಹೋಗಿದ್ದೆ. ವಾಪಸು ಬರುವ ಬಸ್ಸು ತಡ. ನಿಲ್ದಾಣದ ಆಚೆಯ ಒಂದು ಚಹಾದಂಗಡಿಗೆ ಹೋಗಿ ಕೂತೆ. ಎದುರಿನ ಗೋಡೆಯಲ್ಲಿ ಹಳೆಯ ಕಾಲದ ಎಣ್ಣೆಚಿತ್ರ. ಕೆತ್ತನೆ ಕುರ್ಚಿಯ ಮೇಲೆ ಒಬ್ಬ ಹಿರಿಯರು, ಹೆಗಲಿಗೆ ಜರಿ ಶಾಲು, ಮಂಡಿಯ ಮೇಲೆ ಕೈ, ಪಕ್ಕದ ಸಣ್ಣ ಮೇಜಿನ ಮೇಲೆ ಹೂದಾನಿ. ನಮ್ಮ ಎಲ್ಲರ ಮನೆಯ ಪಡಸಾಲೆಯಲ್ಲೂ ಇಂಥವರೊಬ್ಬರು ಇದ್ದಾರೆ. ಎರಡು ಗುಟುಕು ಕುಡಿದ ಮೇಲೆ ನೋಡುತ್ತೇನೆ, ಹಿರಿಯರಿಗೆ ಕೊಂಬುಗಳಿವೆ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲಿನ ನಡುವೆ ನೀಟಾಗಿ ಎದ್ದ ಕೊಂಬುಗಳು. ತುಟಿಯಿಂದ ಆಚೆ ಬಂದ ಕೋರೆಹಲ್ಲು. ಪಂಚೆಯ ಅಂಚಿನ ಕೆಳಗೆ ಜೋಡಿಸಿಟ್ಟ ಎರಡು ಗೊರಸು. ಕಣ್ಣಲ್ಲಿ ಮಾತ್ರ, ಫೋಟೋ ತೆಗೆಸಿಕೊಳ್ಳುವಾಗ ಮರ್ಯಾದಸ್ಥರಿಗೆ ಆಗುವ ಆ ಮುಜುಗರ.

ನನ್ನ ಚಹಾ ತಣ್ಣಗಾಯಿತು. ಬಸ್ಸು ಬಂದು ಹೋಯಿತು. ಅಂಗಡಿಯವರು ನಗುತ್ತಾ, "ಬರೆದವರು ಹಿಂದಿನ ಓಣಿಯಲ್ಲೇ ಇದ್ದಾರೆ ಚೇಚಿ, ಹೋಗಿ ಬೈದು ಬನ್ನಿ" ಎಂದರು. (ಮಲಯಾಳದ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.) ಹೋದೆ. ಬೈಯಲಿಲ್ಲ.

ಅವರು ದಿವಾಕರನ್ ಚೇಟ್ಟನ್, ಅಂದರೆ ದಿವಾಕರಣ್ಣ. ಎಪ್ಪತ್ತರ ಆಸುಪಾಸು, ಸಣಕಲು ದೇಹ, ಮುಖದಲ್ಲಿ ಸದಾ ಯಾರೋ ನಿದ್ದೆಯಿಂದ ಎಬ್ಬಿಸಿದಂಥ ಸಿಡುಕು. ಮೊದಲು ಅವರ ಕಸುಬು ಸತ್ತವರ ಫೋಟೋ ನೋಡಿ ಎಣ್ಣೆಚಿತ್ರ ಬರೆಯುವುದು. ಮನೆಯವರು ಬಂದು, ಈ ನರುಲಿ ಬೇಡ, ಕೂದಲು ಸ್ವಲ್ಪ ಜಾಸ್ತಿ ಇರಲಿ, ಕಣ್ಣು ಇಷ್ಟು ಉರಿಯುವುದು ಬೇಡ ಎನ್ನುತ್ತಿದ್ದರಂತೆ. ಹೇಳಿದ್ದನ್ನೆಲ್ಲ ಮಾಡಿಕೊಟ್ಟರು. ಆಮೇಲೆ ಆ ಕೆಲಸವನ್ನು ಕಂಪ್ಯೂಟರು ಚಿಟಿಕೆ ಹೊಡೆಯುವುದರಲ್ಲಿ ಮಾಡತೊಡಗಿತು, ಗಿರಾಕಿಗಳು ನಿಂತರು. ಇವರು ಕುಂಚ ಬಿಡಲಿಲ್ಲ.

"ಅಷ್ಟು ವರ್ಷ ನಾನು ದೊಡ್ಡಮನುಷ್ಯರ ಮುಖದಿಂದ ಕೆರೆದು ತೆಗೆದದ್ದೆಲ್ಲ ಎಲ್ಲಾದರೂ ಇರಲೇಬೇಕಲ್ಲ ಮೋಳೇ?" ಎಂದರು. "ಅದಕ್ಕೊಂದು ಜಾಗ ಮಾಡಿಕೊಡುತ್ತಿದ್ದೇನೆ."

ಆ ಕ್ಷಣದಿಂದ ನಾನು ಅವರ ಕಡೆಯವಳು. ಈ ಜಾತಿಯ ವಾತ್ಸಲ್ಯ ನನಗೆ ಹೊಸದಲ್ಲ. ರೋಗ ಬಂದ ಗೆಣಸಿನೆಲೆ ಸುರುಟಿ, ಹಳದಿ ತಿರುಗಿ, ಮೂತಿ ಸೊಟ್ಟ ಮಾಡಿಕೊಂಡು ನಿಂತಿದ್ದನ್ನು ಕಂಡರೆ ರೈತರಿಗೆ ಸಂಕಟ, ನನಗೆ ಸಂಕಟದ ಜತೆ ಒಂದು ಗುಟ್ಟಿನ ಮೆಚ್ಚುಗೆ. ಆರೋಗ್ಯವಂತ ಎಲೆಗಳೆಲ್ಲ ಒಂದೇ ಥರ. ಅಲ್ಲದೆ ರಾಕ್ಷಸ ಎಂಬ ಪದದ ಹುಟ್ಟಿಗೆ ಹೇಳುವ ಪುರಾಣದ ಕಥೆಯೇ ಇದೆ: ನೀರನ್ನು ಕಾಯುವವರು ಯಾರು ಎಂದು ಕೇಳಿದಾಗ "ನಾವು ರಕ್ಷಿಸುತ್ತೇವೆ" ಅಂದವರು ರಾಕ್ಷಸರಾದರಂತೆ. ಕಾವಲಿಗೆ ನಿಂತವರಿಗೆ ಕೆಟ್ಟ ಹೆಸರು ಬರುವುದು ನಮ್ಮಲ್ಲಿ ಹಳೆಯ ಪದ್ಧತಿ.

ನಾನೊಬ್ಬಳೇ ಅಲ್ಲ ಎಂದು ಆಮೇಲೆ ತಿಳಿಯಿತು. ಕಲಬುರ್ಗಿಯ ಇಮ್ತಿಯಾಜ್ ಕೊಚ್ಚಿಯ ಐಟಿ ಪಾರ್ಕಿನ ಹುಡುಗ. ಹಗಲೆಲ್ಲ ಅಮೆರಿಕದವರ ಜತೆ ನಯವಾದ ಇಂಗ್ಲಿಷು, ನಮ್ಮ ಜತೆ ಜೋಳದ ರೊಟ್ಟಿಯಂಥ ಕನ್ನಡ. ಕಾಸರಗೋಡಿನ ಪ್ರೇಮ ಕೊಚ್ಚಿ ಪಕ್ಕದ ಕಳಮಶ್ಶೇರಿಯ ಕ್ಯಾಂಪಸ್ಸಿನ ಲ್ಯಾಬಿನಲ್ಲಿದ್ದಾಳೆ. ಜತೆಗೆ ಒಂದಷ್ಟು ಮಲಯಾಳಿಗಳು. ವಾಟ್ಸಾಪಿನಲ್ಲಿ ನಮ್ಮದೊಂದು ಗುಂಪು. ಚೇಟ್ಟನ್ ವಾಚನಾಲಯದಲ್ಲಿ ಚಿತ್ರ ತೂಗಿಹಾಕಲಿ, ಶಾಲೆಯ ಹಾಲಿನಲ್ಲಿ ತೂಗಿಹಾಕಲಿ, ಕರುಗಳ ಹಾಗೆ ಹಿಂದೆ ಹಿಂದೆ ಹೋಗುತ್ತೇವೆ. ಅವರು ನಮ್ಮನ್ನು ಕಂಡ ಕೂಡಲೇ "ನಿಮಗೆಲ್ಲ ಬೇರೆ ಕೆಲಸ ಇಲ್ಲವೇ?" ಎನ್ನುತ್ತಾರೆ. ಇದನ್ನು ನಾವು ಆಶೀರ್ವಾದವೆಂದು ತಿಳಿದಿದ್ದೇವೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಳಮಶ್ಶೇರಿಯ ಒಂದು ಸಾರ್ವಜನಿಕ ಹಾಲಿನಲ್ಲಿ ಅವರ ಪ್ರದರ್ಶನ. ಎರಡನೆಯ ದಿನ ನಾನು ಶ್ರೀಕಾರ್ಯಂನಲ್ಲಿ ಎಲೆ ನೋಡುತ್ತಿದ್ದೆ. ಇಮ್ತಿಯಾಜನ ಫೋನು.

"ಅಕ್ಕಾರ, ಇಲ್ಲಿ ಭಾರಿ ಗದ್ಲ ಆಗೇದ್ರಿ. ಆ ಕುರ್ಚಿ ಮ್ಯಾಲಿನ ಹಿರಿಯರನ್ನ ಗ್ವಾಡಿ ಕಡೆ ಮುಖ ಮಾಡಿ ನಿಲ್ಲಿಸ್ಯಾರ!"

ಆದದ್ದು ಇಷ್ಟು. ಆ ಸಭಾಂಗಣದ ಸಮಿತಿಯಲ್ಲಿ ಹರಿದಾಸ್ ಎಂಬ ಗಣ್ಯರಿದ್ದರು. ವೈಟ್ಟಿಲದ ಅಂಗಡಿಯಿಂದ ತಂದು ಹಾಕಿದ್ದ ಆ ಚಿತ್ರದ ಮುಂದೆ ನಿಂತವರೇ ಕೆಂಪಾದರು. ಇದು ತಮ್ಮ ಮುತ್ತಚ್ಛನ್, ಅಂದರೆ ತಾಯಿಯ ತಂದೆ. ಅವರ ಎಣ್ಣೆಚಿತ್ರವನ್ನು ಹಿಂದೆ ಇದೇ ದಿವಾಕರನ್ ಬರೆದುಕೊಟ್ಟಿದ್ದರು. ಅದೇ ಕುರ್ಚಿ, ಅದೇ ಶಾಲು, ಅದೇ ಹುಬ್ಬು. ಊರಿಗೆ ದೊಡ್ಡವರಾಗಿದ್ದವರಿಗೆ ಕೊಂಬು ಬರೆದು ಮನೆತನದ ಅಭಿಮಾನ ಕಳೆದಿದ್ದಾರೆ. ಚಿತ್ರ ತೆಗೆಯಬೇಕು, ಇಲ್ಲದಿದ್ದರೆ ಪ್ರದರ್ಶನವೇ ನಿಲ್ಲಬೇಕು ಎಂದು ಪಟ್ಟು ಹಿಡಿದರು. ಸಮಿತಿಯವರು ಹೆದರಿ ಚಿತ್ರವನ್ನು ತಿರುಗಿಸಿಟ್ಟರು. ಚೇಟ್ಟನ್ ವಾದಿಸಲೂ ಇಲ್ಲ. "ಎಷ್ಟೋ ಜನರನ್ನು ಬರೆದಿದ್ದೇನೆ. ಯಾರ ಹುಬ್ಬು ಯಾರಿಗೆ ಹೋಯಿತೋ. ಸಾಕು, ಇನ್ನು ಬರೆಯುವುದೇ ಬೇಡ" ಎಂದು ಉಳಿದ ಚಿತ್ರಗಳನ್ನೂ ಒಂದೊಂದಾಗಿ ಇಳಿಸತೊಡಗಿದ್ದರಂತೆ.

ಇನ್ನು ಬರೆಯುವುದೇ ಬೇಡ! ನನಗೆ ಮೈ ಉರಿಯಿತು. ಪ್ರೇಮಳಿಗೆ ಫೋನು ಮಾಡಿ, "ನಾಳೆವರೆಗೆ ಅವರನ್ನು ಹೇಗಾದರೂ ತಡೆಯಿರಿ" ಎಂದೆ. "ನಾಳೆ ಬರುವಾಗ ಎಲ್ಲರೂ ನಿಮ್ಮ ನಿಮ್ಮ ತಾತನ ಫೋಟೋ ತನ್ನಿ."

"ಎಂಥ ಫೋಟೋ ಅಕ್ಕ? ನಮ್ಮ ಅಜ್ಜನದ್ದು ನಗುವ ಫೋಟೋ ಒಂದೂ ಇಲ್ಲ ಮಾರಾಯ್ರೆ."

"ನಗದೇ ಇರುವುದೇ ಬೇಕು."

ಬೆಳಗ್ಗೆ ಪಡಸಾಲೆಯ ಮೊಳೆಯಿಂದ ನಮ್ಮ ತಾತನನ್ನು ಇಳಿಸಿ ಟವೆಲಿನಲ್ಲಿ ಸುತ್ತುತ್ತಿದ್ದೆ. ಪೇಟ, ಗಿರಿಜಾ ಮೀಸೆ, ಕ್ಯಾಮೆರಾದವನನ್ನು ನುಂಗಿಬಿಡುವ ನೋಟ. ಗಂಡ ಕಾಫಿ ಲೋಟ ಹಿಡಿದು ನೋಡಿದರು.

"ಒಬ್ಬ ರಾಕ್ಷಸನಿಗೋಸ್ಕರ ರಜೆ ಹಾಕ್ತೀಯಾ?"

"ಮನುಷ್ಯರಿಗೋಸ್ಕರ ಹಾಕಿ ಹಾಕಿ ಸಾಕಾಗಿದೆ ರೀ" ಎಂದು ಹೊರಟೆ.

ರೈಲಿನಲ್ಲಿ ತಾತ ನನ್ನ ತೊಡೆಯ ಮೇಲೆ. ಎರ್ನಾಕುಳಂನಲ್ಲಿ ಇಳಿದು ಮೆಟ್ರೊ ಹತ್ತುವಾಗ ಕಾವಲಿನ ಹೆಣ್ಣುಮಗಳು ಟವೆಲು ಬಿಚ್ಚಿಸಿದಳು, ತಾತನನ್ನು ನೋಡಿದಳು, ಏನೂ ಕೇಳದೆ ಒಳಗೆ ಬಿಟ್ಟಳು.

ಹಾಲಿನಲ್ಲಿ ಚೇಟ್ಟನ್ ಒಂದು ಮೂಲೆಯಲ್ಲಿ ಕೂತಿದ್ದರು. ಪ್ರೇಮ ಅವರಿಗೆ ಚಹಾ ಕುಡಿಸಿ ಕುಡಿಸಿ ಕೂರಿಸಿಕೊಂಡಿದ್ದಳು. ನಾನು ನೇರವಾಗಿ ಹೋಗಿ ಗೋಡೆಗೆ ಮುಖ ಮಾಡಿದ್ದ ಹಿರಿಯರನ್ನು ಈ ಕಡೆ ತಿರುಗಿಸಿದೆ. ಪಕ್ಕದಲ್ಲಿ ನಮ್ಮ ತಾತನನ್ನು ಇಟ್ಟೆ. ಆ ಕಡೆ ಇಮ್ತಿಯಾಜನ ತಾತ, ಅವನ ಮಾತಿನಲ್ಲಿ ನಾನಾ, ಚೂಪುಗಡ್ಡ, ಇರಿಯುವ ಕಣ್ಣು. ಅವರ ಪಕ್ಕ ಪ್ರೇಮಳ ಅಜ್ಜ, ಮುಂದಿನ ಎರಡು ಹಲ್ಲು ಮುಖಕ್ಕಿಂತ ಮೊದಲೇ ಫೋಟೋದೊಳಗೆ ಬಂದಿವೆ. ಮಲಯಾಳಿಗಳೂ ತಮ್ಮ ತಮ್ಮವರನ್ನು ತಂದಿದ್ದರು. ಸಾಲಾಗಿ ನಿಲ್ಲಿಸಿದ ಮೇಲೆ ನೋಡಿದರೆ, ನಿಜ ಹೇಳುತ್ತೇನೆ, ಎಲ್ಲರಿಗಿಂತ ಸೌಮ್ಯವಾಗಿ ಕಂಡವರು ಕೊಂಬಿನವರೇ.

ಹರಿದಾಸ್ ಬಂದರು. "ಏನಿದು?"

"ಇವರು ನಿಮ್ಮ ಮುತ್ತಚ್ಛನ್ ಅಲ್ಲ ಸಾರ್, ನಮ್ಮ ತಾತ" ಎಂದೆ. "ಹುಬ್ಬು ನೋಡಿ."

"ಅಲ್ಲರೀ, ನಮ್ಮ ನಾನಾ ಅದಾರ" ಎಂದ ಇಮ್ತಿಯಾಜ್, ಮೊದಲು ಕನ್ನಡದಲ್ಲಿ, ಆಮೇಲೆ ಅವನ ಭಯಂಕರ ಮಲಯಾಳದಲ್ಲಿ. "ಶಾಲು ನಮ್ದು."

ನೋಡಲು ಬಂದವರು ನಕ್ಕರು. ಹರಿದಾಸ್ ನಗಲಿಲ್ಲ. "ನಿಮಗಿದು ತಮಾಷೆ. ನಮಗೆ ಅಭಿಮಾನದ ಪ್ರಶ್ನೆ."

"ನಮಗೂ ಅದೇ ಸಾರ್" ಎಂದೆ. "ಈ ಚಿತ್ರ ತೆಗೆದರೆ ಅವರು ಕುಂಚ ಕೆಳಗಿಡುತ್ತಾರೆ. ನಾವು ಇಲ್ಲಿಂದ ಏಳುವುದಿಲ್ಲ." ಹೇಳಿದವಳೇ ನೆಲದ ಮೇಲೆ ಕೂತೆ. ಮಂಡಿ ಎರಡು ಸಲ ಲಟಕ್ಕೆಂದಿತು. ಸತ್ಯಾಗ್ರಹಕ್ಕೆ ಅದೂ ಸೇರಿತು. ಉಳಿದವರೂ ಕೂತರು.

ಹರಿದಾಸ್ ಬಿಡುವವರಲ್ಲ. ಮನೆಗೆ ಫೋನು ಮಾಡಿದರು. ಸಾಕ್ಷಿಗೆಂದು ತಾಯಿಯನ್ನೇ ಕರೆಸಿದರು. ಸ್ವಲ್ಪ ಹೊತ್ತಿಗೆ ಬಿಳಿ ಮುಂಡು ಉಟ್ಟ ಅಮ್ಮಿಣಿ ಅಮ್ಮ ಕೋಲು ಊರಿಕೊಂಡು ಬಂದರು. ಎಂಬತ್ತು ದಾಟಿದವರು. ಸತ್ತುಹೋದ ಆ ದೊಡ್ಡಮನುಷ್ಯರ ಒಬ್ಬಳೇ ಮಗಳು.

ಆಕೆ ಕನ್ನಡಕ ಸರಿಮಾಡಿಕೊಂಡು ಕೊಂಬು, ಹುಬ್ಬು, ಹಲ್ಲು, ಗೊರಸು ಎಲ್ಲವನ್ನೂ ನಿಧಾನವಾಗಿ ನೋಡಿದರು. ನೋಟ ಮತ್ತೆ ಮೇಲೆ ಹೋಗಿ ಕಣ್ಣುಗಳಲ್ಲಿ ನಿಂತಿತು.

"ಅಲ್ಲ" ಎಂದರು.

"ಅಮ್ಮಾ, ಸರಿಯಾಗಿ ನೋಡಿ."

"ನೋಡಿದೆ ಮೋನೇ. ಇದು ಅಚ್ಛನ್ ಅಲ್ಲ. ಅಚ್ಛನ್ ಎದುರು ನಿಂತಾಗ ನನಗೆ ಯಾವತ್ತೂ ಬಾಯಿ ಬಂದದ್ದಿಲ್ಲ. ಓದಿಸಿ ಅಂತ ಕೇಳಬೇಕೆಂದು ಬಾಗಿಲವರೆಗೆ ಎಷ್ಟು ಸಲ ಹೋಗಿ ವಾಪಸು ಬಂದಿದ್ದೇನೆ." ಕೋಲಿನ ತುದಿಯಿಂದ ಚಿತ್ರವನ್ನು ತೋರಿಸಿದರು. "ಇವನ ಹತ್ತಿರವಾದರೆ ಕೇಳಬಹುದಿತ್ತು."

ಹರಿದಾಸ್ ತಾಯಿಯ ಮುಖವನ್ನು ಅಂದು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು. ಆಮೇಲೆ ತಾವೇ ಹೋಗಿ ಒಂದು ಕುರ್ಚಿ ತಂದು ಚಿತ್ರದ ಮುಂದೆ ಹಾಕಿದರು. ಆಕೆ ಕೂತು ಮತ್ತಷ್ಟು ಹೊತ್ತು ನೋಡಿದರು. ನಾವು ನೆಲದಿಂದ ಎದ್ದೆವು. ನನ್ನನ್ನು ಇಬ್ಬರು ಎಬ್ಬಿಸಬೇಕಾಯಿತು.

"ಇವನಿಗೆ ಹೆಂಡತಿ ಇಲ್ಲವೇ?" ಎಂದು ಅಮ್ಮಿಣಿ ಅಮ್ಮ ಕೇಳಿದರು.

ಮೂಲೆಯಿಂದ ಚೇಟ್ಟನ್, "ಇನ್ನೂ ಬರೆದಿಲ್ಲ" ಎಂದರು.

"ಬರೆಯಿರಿ. ಆದರೆ ನಮ್ಮ ಮನೆಯ ಫೋಟೋಗಳ ಹಾಗೆ ಬೇಡ. ಅವಳು ಕೂತಿರಲಿ. ಇವನು ಸ್ವಲ್ಪ ನಿಲ್ಲಲಿ."

ಚೇಟ್ಟನ್ ಎದ್ದು ಇಳಿಸಿಟ್ಟ ಚಿತ್ರಗಳನ್ನು ಮತ್ತೆ ಗೋಡೆಗೆ ಏರಿಸತೊಡಗಿದರು. ನಾವು ಸಹಾಯಕ್ಕೆ ಹೋದರೆ "ನಿಮಗೆಲ್ಲ ಬೇರೆ ಕೆಲಸ ಇಲ್ಲವೇ?" ಎಂದು ಗದರಿದರು. ಪ್ರೇಮ ಸಂತೋಷಕ್ಕೆ ಅತ್ತಳು.

ಈಗ ಅಮ್ಮಿಣಿ ಅಮ್ಮನೂ ನಮ್ಮ ಗುಂಪಿನಲ್ಲಿದ್ದಾರೆ. ದಿನವೂ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಾರೆ, ಸಹಿಸುತ್ತೇವೆ. ತಿರುವನಂತಪುರದಲ್ಲಿ ಚೇಟ್ಟನ್ನರ ಪ್ರದರ್ಶನ ಎಂದಾಗ "ನಾನೂ ಬರುತ್ತೇನೆ" ಎಂದರು. ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದು ಮಗ ಕೇಳಿದ್ದಕ್ಕೆ, ಚಿಕ್ಕ ವಯಸ್ಸಿನಲ್ಲಿ ಯಾರೂ ಬಿಡಲಿಲ್ಲವಲ್ಲ ಎಂದರಂತೆ. ಬಂದು ನಮ್ಮ ಮನೆಯಲ್ಲೇ ಉಳಿದರು. ಕಾರು ಓಡಿಸುವುದಕ್ಕೆಂದು ನನ್ನ ಗಂಡನೂ ಬರಬೇಕಾಯಿತು.

ಅಲ್ಲಿ ಹೊಸ ಚಿತ್ರವಿತ್ತು. ಕೆತ್ತನೆ ಕುರ್ಚಿಯಲ್ಲಿ ಕಾಲು ಚಾಚಿ ಕೂತ ರಾಕ್ಷಸಿ, ಜರಿಯಂಚಿನ ಕಸವು ಸೀರೆ, ತುಟಿ ಮೀರಿದ ಕೋರೆ, ತೊಡೆಯ ಮೇಲೆ ತೆರೆದ ಪುಸ್ತಕ. ಪಕ್ಕದಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತ ರಾಕ್ಷಸ, ತುಸು ದಣಿದಂತೆ. ಎರಡೂ ಗೊರಸು ನೋಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

ಗಂಡ ಅದರ ಮುಂದೆ ಬಹಳ ಹೊತ್ತು ನಿಂತರು. ರಾಕೆಟ್ಟು ಏರುವುದನ್ನು ಬಿಟ್ಟು ಬೇರೆ ಯಾವುದನ್ನೂ ಅವರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಮೆಲ್ಲಗೆ, "ಪಾಪ ಕಣೇ, ಅವನಿಗೂ ಒಂದು ಕುರ್ಚಿ ಹಾಕಬಹುದಿತ್ತು" ಎಂದರು.

ಅಮ್ಮಿಣಿ ಅಮ್ಮ ನನ್ನ ಸೆರಗೆಳೆದು ಏನಂದರು ಎಂದು ಕೇಳಿದರು. ಮಲಯಾಳದಲ್ಲಿ ಹೇಳಿದೆ.

ಆಕೆ ಚಿತ್ರದಿಂದ ಕಣ್ಣು ತೆಗೆಯದೆ, "ಬಾಯಿ ಬಿಟ್ಟು ಕೇಳಲಿ" ಎಂದರು. "ಅವಳು ಕೊಡುತ್ತಾಳೆ."