ಬಗ್ಗಿಸುವವರಿಲ್ಲದ ಬಟ್ಟಲು

ನಮ್ಮ ಅಕ್ಕಿಮದ್ಯ ಸಾಕೆಯನ್ನು ತನ್ನ ಬಟ್ಟಲಿಗೆ ತಾನೇ ಬಗ್ಗಿಸಿಕೊಳ್ಳುವವನನ್ನು ಕಂಡರೆ ಯುಜಾವಾದಲ್ಲಿ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಪಕ್ಕದಲ್ಲಿ ಕೂತವರು ಬಗ್ಗಿಸಬೇಕು, ಅದು ರೂಢಿ. ಸಾಕೆ ಕಾರ್ಖಾನೆಯಲ್ಲಿ ಅಕ್ಕಿ ಬೇಯಿಸುವ ಮಿನಗಾವ ಈ ವಿಷಯದಲ್ಲಿ ಮಹಾ ಹಟಮಾರಿ. ಹೆಂಡತಿ ಫುಸಕೊ ಅಂಚು ತುಳುಕುವಂತೆ ಬಗ್ಗಿಸುತ್ತಿದ್ದಳು, ಇವನು ಬಾಗಿ ತುಟಿ ತಾಗಿಸುತ್ತಿದ್ದ. ಅವಳು ತೀರಿಕೊಂಡ ಮೇಲೆ ಕುಡಿಯುವುದನ್ನೇ ಬಿಟ್ಟ.

“ಬಾರಯ್ಯ, ನಾನು ಬಗ್ಗಿಸ್ತೀನಿ,” ಎಂದು ನನ್ನ ಮದ್ಯದಂಗಡಿಗೆ ಕರೆದೆ.

“ಅಂಗಡಿಯವಳು ಕಾಸಿಗೆ ಬಗ್ಗಿಸೋದು ಲೆಕ್ಕಕ್ಕಿಲ್ಲ ಕಣಮ್ಮ,” ಅಂದ. ಅವನ ಕೊಬ್ಬು ನೋಡಿ!

ಅಷ್ಟರಲ್ಲಿ, ಹುಡುಗರೆಲ್ಲ ಸಾಕೆ ಬಿಟ್ಟು ಬಿಯರ್ ಹಿಂದೆ ಬಿದ್ದರೆಂದು ಕಾರ್ಖಾನೆ ಯಜಮಾನರ ಮಗಳು ಚಿನಾತ್ಸು ಹೊಸ ಬಗೆಯ ಸಾಕೆ ತಂದಳು. ಗುಲಾಬಿ ಬಣ್ಣದ ಪುಟ್ಟ ಟಿನ್, ಒಳಗೆ ನೊರೆಯುಕ್ಕುವ ಸಿಹಿ ಸಾಕೆ, ಒಬ್ಬರಿಗಾಗುವಷ್ಟೇ.

“ಬಟ್ಟಲೂ ಬೇಡ, ಬಗ್ಗಿಸೋರೂ ಬೇಡ ಮಿನಗಾವ-ಸಾನ್. ಮುಚ್ಚಳ ಕಿತ್ತರಾಯ್ತು!” ಅಂದಳು ಅವನಿಗೆ.

“ಇದು ಸಾಕೆ ಅಲ್ಲಮ್ಮ, ಸೋಡಾ,” ಎಂದು ಅವನು ಮುಖ ತಿರುಗಿಸಿದ.

ಹುಡುಗರು ಮುಗಿಬಿದ್ದು ಕೊಂಡರು. ಹಿಮ ಸುರಿಯುತ್ತಿದ್ದ ಒಂದು ಸಂಜೆ ಮಿನಗಾವ ಬಂದು, ನನ್ನ ಮುಖ ನೋಡದೆ ಒಂದು ಟಿನ್ ಕೊಂಡ. ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ನಿಧಾನವಾಗಿ ಕುಡಿದು ಮುಗಿಸಿದ.

“ಹೇಗಿದೆಯಪ್ಪಾ ಸೋಡಾ?” ಎಂದು ಚುಚ್ಚಿದೆ.

“ಚೆನ್ನಾಗೇ ಇದೆ, ಹಾಳಾದ್ದು,” ಅಂದ. “ಯಾರೂ ಬೇಕಾಗೇ ಇಲ್ಲ.”



ಈಗ ಹುಡುಗರು ಇನ್ಯಾವುದರದೋ ಹಿಂದೆ ಹೋಗಿದ್ದಾರೆ. ಆ ಗುಲಾಬಿ ಟಿನ್ನನ್ನು ನಾನು ತರಿಸುವುದು ಅವನೊಬ್ಬನಿಗಾಗಿ.