ಮುನಿಶಾಮಮ್ಮನ ತಗಡಿನ ಕೊಟ್ಟಿಗೆ

ಕಂಪ್ಯೂಟರ್ ಪಟ್ಟಿಗೆ ಎದುರು ನಿಂತು ಒಂದು ಹೋರಿಯ ತಳಿ ಉಳಿಸಿದವರು ಚಿಕ್ಕಜಾಲದ ಮುನಿಶಾಮಮ್ಮ. ಅದಕ್ಕೇ ಅವರ ಕಥೆ ಹೇಳಬೇಕು.

ತಳಿ ಕೇಂದ್ರದ ಸಾಹೇಬರು ಕಂಪ್ಯೂಟರ್ ತೆಗೆದುಕೊಟ್ಟ ಹೋರಿಗಳ ಪಟ್ಟಿ ಹಿಡಿದು ಬಂದರು. "ನಿಮ್ಮ ಹಸುಗಳ ಅಪ್ಪ, ಏಳನೇ ನಂಬರ್ ಹೋರಿ, ಅದಕ್ಕೆ ಹುಟ್ಟಿದ ಹಸುಗಳ ಹಾಲಿನ ಲೆಕ್ಕದಲ್ಲಿ ಕೊನೇದು ಕಣಮ್ಮ. ಅದರ ವೀರ್ಯ ಇನ್ಮೇಲೆ ಕೊಡಲ್ಲ. ಒಂದನೇ ನಂಬರ್‌ದು ಹಾಕಿಸ್ಕೊಳ್ಳಿ."

ಮುನಿಶಾಮಮ್ಮ ಸಗಣಿ ಕೈಯಲ್ಲೇ ಎದ್ದರು. "ಹಾಲು ಎಲ್ಲಿ ಅಳೆದ್ರಿ ಸ್ವಾಮಿ?"

"ನಮ್ಮ ಫಾರ್ಮಲ್ಲಿ."

"ಅಲ್ಲಿ ಫ್ಯಾನ್ ಐತೆ! ಒಂದನೇ ನಂಬರ್ ಮಗಳು ಪಕ್ಕದ ಗೌರಮ್ಮನ ಕಾದ ತಗಡಿನ ಕೆಳಗೆ ಸೆಕೆಗೆ ನಾಲಿಗೆ ಚಾಚ್ಕೊಂಡು ನಿಂತವ್ಳೆ. ಮೂರು ಲೀಟ್ರೂ ಇಲ್ಲ. ನಮ್ದು ಎಂಟು! ನಿಮ್ ಪಟ್ಟೀಲಿ ತಗಡು ಎಲ್ಲೈತೆ, ತೋರ್ಸಿ!"

ಎಲ್ಲೂ ಇರಲಿಲ್ಲ. ಮುನಿಶಾಮಮ್ಮ ಬಾಗಿಲಿಗೆ ಅಡ್ಡ ನಿಂತು, ಯಾವ ಹಸು ತಗಡಿನ ಕೆಳಗಿದೆ ಅಂತ ಸಾಹೇಬರ ಕೈಯಲ್ಲಿ ಪಟ್ಟಿಗೆ ಬರೆಸಿಯೇ ಬಿಟ್ಟರು. ತಗಡಿನ ಕೊಟ್ಟಿಗೆಗಳ ಹಾಲನ್ನು ಬೇರೆಯಾಗಿ ನೋಡಿದಾಗ ಏಳನೆಯದೇ ಮೊದಲು ಬಂತು; ಅದರ ವೀರ್ಯ ಕೊಡುವುದು ನಿಲ್ಲಲಿಲ್ಲ. ಮುನಿಶಾಮಮ್ಮನ ಕೋಪ ಮಾತ್ರ ಇನ್ನೂ ಇಳಿದಿಲ್ಲ. ಹೋಗಿ, ಅವರನ್ನು ಮಾತಾಡಿಸಿ. ತಗಡು ಕಾಯುವ ನಡುಮಧ್ಯಾಹ್ನವೇ ಹೋಗಿ.